ಫ್ರೀ ಸೈಜ್ ಕೊಲೆಗಾರ

ಕೋಟು ಹೊಲಿಯಬೇಕಾದರೆ ಮೊದಲು ಅದನ್ನು ತೊಡುವವನೊಬ್ಬ ಬೇಕು. ಇಷ್ಟು ಸಣ್ಣ ವಿಷಯ ಆ ಸಿನಿಮಾದವರಿಗೆ ಹೊಳೆದಿರಲಿಲ್ಲ.

“ಅಳತೆ ಯಾರದು?” ಎಂದು ಏಣಿಯಕ್ಕ ಕೇಳಿದಳು. ಹೊಲಿಗೆ ಯಂತ್ರದ ಮುಂದೆ ಕೂತವಳು ಕೊರಳಿನ ಟೇಪನ್ನು ಆಗಲೇ ಕೈಗೆ ತೆಗೆದುಕೊಂಡಿದ್ದಳು.

ಅವಳ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ನಿರ್ದೇಶಕ ಮೊಬೈಲಿನಿಂದ ಕಣ್ಣೆತ್ತಲಿಲ್ಲ. “ಯಾರಿಗಾದ್ರೂ ಆಗೋ ಹಾಗೆ ಹೊಲೀರಿ ಆಂಟಿ. ಫ್ರೀ ಸೈಜ್.”

“ಕೊಲೆಗಾರನಿಗಾ?”

“ಹೂಂ. ಯಾವತ್ತು ಯಾರು ಬಿಡುವಾಗಿರ್ತಾರೋ ಅವರು ಹಾಕ್ಕೊಳ್ತಾರೆ. ಹೇಗೂ ಮುಖವಾಡ ಇರುತ್ತಲ್ಲ.”

ಏಣಿಯಕ್ಕ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. ಅವಳು ಫ್ರೀ ಸೈಜ್ ನೈಟಿ ಹೊಲಿದಿದ್ದಳು, ಹೋಟೆಲಿನವರಿಗೆ ಫ್ರೀ ಸೈಜ್ ಏಪ್ರನ್ ಹೊಲಿದಿದ್ದಳು. ಮನುಷ್ಯರನ್ನು ಕೊಲ್ಲುವವನಿಗೆ ಹೊಲಿದಿರಲಿಲ್ಲ. “ದಿಂಬಿನ ಕವರಿಗೂ ಒಂದು ಅಳತೆ ಅಂತ ಕೊಡ್ತಾರಪ್ಪ,” ಎಂದಳು. ಅವನಿಗೆ ಕೇಳಿಸಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಅವಳು ಬಾಗಿಲು ತೋರಿಸಿರುತ್ತಿದ್ದಳು. ಅವಳ ನಾಲಗೆಗೆ ಹೆದರಿ ಬೀದಿಯವರು ಪ್ಯಾಂಟಿನ ಅಂಚು ಮಡಿಸಲು ಕೊಟ್ಟರೂ “ಅರ್ಜೆಂಟಿಲ್ಲ ಅಕ್ಕ, ನಿಧಾನಕ್ಕೆ ಕೊಡಿ” ಎಂದೇ ಕೊಡುತ್ತಿದ್ದರು. ಆದರೆ ಇವರು ಮತ್ತೆ ತೆಗೆಯಹೊರಟಿದ್ದ ಸಿನಿಮಾ ಅಂಥಿಂಥದ್ದಾಗಿರಲಿಲ್ಲ. ಮುಚ್ಚಿಹೋದ ಆಸ್ಪತ್ರೆಯೊಂದರಲ್ಲಿ ಸಿಕ್ಕಿಹಾಕಿಕೊಂಡ ಗೆಳೆಯರ ಗುಂಪನ್ನು ಉದ್ದ ಕೋಟಿನ ಮುಖವಾಡದವನೊಬ್ಬ ಒಬ್ಬೊಬ್ಬರನ್ನಾಗಿ ಮುಗಿಸುವ ಕಥೆ ಅದು. ಈ ನಿರ್ದೇಶಕನ ಸೋದರಮಾವ ಅದನ್ನು ತನ್ನ ಪ್ರಾಯದಲ್ಲಿ ತೆಗೆದಿದ್ದ. ಆ ಕಾಲದಲ್ಲಿ ಅದನ್ನು ನೋಡಿ ಬಂದವರು ಬಚ್ಚಲಿಗೆ ಹೋಗಬೇಕಾದರೂ ಜೊತೆಗೊಬ್ಬರನ್ನು ಕರೆಯುತ್ತಿದ್ದರು. ಕೊಲೆಗಾರ ಓಡುತ್ತಿರಲಿಲ್ಲ, ಅರಚುತ್ತಿರಲಿಲ್ಲ. ನಡೆದು ಬರುತ್ತಿದ್ದ, ಅಷ್ಟೆ. ಆ ನಡಿಗೆಗೇ ಜನ ಕಾಸು ಕೊಟ್ಟು ಹೆದರಿದ್ದರು.

ಆ ಮುಖವಾಡದೊಳಗೆ ಇದ್ದವಳು ಏಣಿಯಕ್ಕ.

ಆಗ ಅವಳಿಗೆ ಮದುವೆಯಾಗಿರಲಿಲ್ಲ. ಸ್ಟುಡಿಯೊದ ಉಡುಪಿನ ಕೋಣೆಯಲ್ಲಿ ಗುಂಡಿ ಹಚ್ಚುತ್ತ, ಇಸ್ತ್ರಿ ಹಾಕುತ್ತ ಇದ್ದಳು. ಕೊಲೆಗಾರನ ಪಾತ್ರ ದೊಡ್ಡ ನಟನೊಬ್ಬನದು. ಕೊನೆಗೆ ಮುಖವಾಡ ಕಳಚುವಾಗ ಅವನ ಮುಖ ಕಂಡು ಜನ ಬೆಚ್ಚಬೇಕು. ಮುಖವಾಡಕ್ಕೆ ಹಚ್ಚಿದ್ದ ಅಂಟಿಗೆ ಆ ಮುಖದ ತುಂಬ ಗುಳ್ಳೆ ಎದ್ದವು. ಮುಖವೇ ಅನ್ನ ಹಾಕುವ ದೇವರಾದ್ದರಿಂದ ಅವನು ಮುಖವಾಡ ಕಳಚುವ ಆ ಕೊನೆಯ ದೃಶ್ಯವನ್ನು ಮಾತ್ರ ಮುಗಿಸಿ ಮನೆಗೆ ಹೋಗಿಬಿಟ್ಟ. ಕೋಟಿನ ಅಂಚು ನೆಲಕ್ಕೆ ತಾಗುತ್ತದೋ ಇಲ್ಲವೋ ಎಂದು ನೋಡಲು ಅದನ್ನು ತಾನೇ ತೊಟ್ಟುಕೊಂಡು ಕೋಣೆಯ ಆ ತುದಿಯಿಂದ ಈ ತುದಿಗೆ ಬಂದ ಎತ್ತರದ ಹುಡುಗಿಯನ್ನು ಆ ಹಳೆಯ ನಿರ್ದೇಶಕ ಬಾಗಿಲಲ್ಲಿ ನಿಂತು ನೋಡಿದ. “ಇನ್ನೊಂದ್ಸಲ ಹಾಗೇ ನಡಿಯಮ್ಮ,” ಎಂದ. ಅವಳು ನಡೆದಳು. ಉಳಿದ ಚಿತ್ರವಿಡೀ ಅವಳೇ ನಡೆದಳು. ಕೊಲೆಗಾರ ಹೆಂಗಸು ಎಂದು ತಿಳಿದರೆ ಜನ ನಗುತ್ತಾರೆಂದು ಹೊರಗೆ ಯಾರಿಗೂ ಹೇಳಲಿಲ್ಲ. ಪರದೆಯ ಮೇಲೆ ದೊಡ್ಡ ನಟನ ಹೆಸರು ಬಂತು. ಹೇಳಬಲ್ಲವರು ಒಬ್ಬೊಬ್ಬರಾಗಿ ಸತ್ತರು, ಇಲ್ಲವೇ ಎಲ್ಲಿಗೋ ಹೋದರು.

ಅವಳು ಮದುವೆಯಾದದ್ದು ಒಬ್ಬ ಥಿಯೇಟರ್ ಗೇಟ್‌ಕೀಪರನನ್ನು. ಅವನ ಥಿಯೇಟರಿನಲ್ಲೇ ಆ ಚಿತ್ರ ತಿಂಗಳುಗಟ್ಟಲೆ ಓಡಿತ್ತು. ಟಿಕೆಟ್ ಹರಿಯುವ ಕೆಲಸ ಮುಗಿದೊಡನೆ ಅವನು ಒಳಗೆ ಬಂದು ಗೋಡೆಗೆ ಒರಗಿ ನಿಲ್ಲುತ್ತಿದ್ದ. ಅವನಿಗೆ ಆ ಚಿತ್ರ ಬಾಯಿಪಾಠ. ದೊಡ್ಡ ನಟ ಅವನ ಕುಲದೇವರು. ಮದುವೆಯಾದ ಹೊಸತರಲ್ಲಿ ಹೆಂಡತಿ ನಾಚಿಕೊಂಡು, “ಆ ಕೊಲೆಗಾರ ನಾನೇ ರೀ,” ಎಂದಾಗ ಅವನು ಬಾಯಲ್ಲಿದ್ದ ಟೀಯನ್ನು ಗೋಡೆಗೆ ಉಗುಳುವಷ್ಟು ನಕ್ಕಿದ್ದ.

“ಸಾಕ್ಷಿ?”

“ನಾನು ಹೇಳ್ತಿಲ್ವಾ?”

“ಫೋಟೋ ಇದೆಯಾ?”

“ಇದೆ. ಮುಖವಾಡ ಹಾಕಿರೋದು.”

“ಮುಖವಾಡ ಹಾಕಿದ ಮೇಲೆ ಯಾರಾದ್ರೇನು? ನಾಳೆ ನನ್ನ ತಂಗೀನೂ ಅದು ನಾನೇ ಅಂತಾಳೆ.”

ತಂಗಿ ಹಾಗೆ ಅನ್ನಲಿಲ್ಲ. ಅದಕ್ಕಿಂತ ಮೇಲಿನದನ್ನು ಅಂದಳು. “ಅಣ್ಣ ಹೆಂಡತೀನ ತಂದಿದಾನೆ ಅಂದ್ಕೊಂಡೆ, ಏಣಿ ತಂದಿದಾನೆ. ಏಣಿ ಮೇಲೆ ಬುರುಡೆ ಬೇರೆ,” ಎಂದಳು. ಏಣಿ ಎಂಬ ಹೆಸರು ನಿಂತಿತು. ಈಗ ನಾದಿನಿಗೂ ಕೂದಲು ನರೆತು ಅವಳು ಎರಡು ಮನೆ ಆಚೆಗೇ ಇದ್ದಾಳೆ, ನೆಂಟರು ಬಂದಾಗಲೆಲ್ಲ, “ನಮ್ಮತ್ತಿಗೆ ಕೈಯಲ್ಲಿ ಎಷ್ಟು ಕೊಲೆ ಆಗಿದೆ ಗೊತ್ತಾ?” ಎಂದು ಶುರುಮಾಡುತ್ತಾಳೆ. ಊರು ನಂಬದಿದ್ದರೆ ಏಣಿಯಕ್ಕನಿಗೆ ಚಿಂತೆಯಿರಲಿಲ್ಲ. ಊರನ್ನು ಅವಳು ಲೆಕ್ಕಕ್ಕೇ ಇಟ್ಟವಳಲ್ಲ. ಆದರೆ ತನ್ನ ಗಂಡ ಜೀವಮಾನದಲ್ಲಿ ಬಾಯಿಬಿಟ್ಟು ಹೊಗಳಿದ್ದು ಒಂದೇ ಒಂದು ಸಂಗತಿಯನ್ನು, ಆ ನಡಿಗೆಯನ್ನು. ಅದನ್ನು ಇನ್ನೊಬ್ಬನಿಗೆ ಬರೆದುಕೊಟ್ಟು ಕೂತಿದ್ದ. ಅವನು ಒಂದು ಸಲ, ಸಾಯುವುದರೊಳಗೆ ಒಂದೇ ಒಂದು ಸಲ, ಹೌದು ಅದು ನೀನೇ ಎನ್ನಬೇಕು. ಅಷ್ಟೇ ಅವಳ ಆಸೆ. ಈ ಆಸೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ನಾದಿನಿ ಅದಕ್ಕೂ ಒಂದು ಹೆಸರು ಇಡುತ್ತಿದ್ದಳು.

ಹಾಗಾಗಿ ಕೋಟು ಒಪ್ಪಿಕೊಂಡಳು. ಒಂದು ದೃಶ್ಯದಲ್ಲಾದರೂ ಕೋಟಿನೊಳಗೆ ತಾನು ಹೊಕ್ಕರೆ, ಗಂಡ ಅದನ್ನು ಪರದೆಯ ಮೇಲೆ ನೋಡಿದರೆ, ಗುರುತು ಹಿಡಿಯದೆ ಎಲ್ಲಿಗೆ ಹೋಗುತ್ತಾನೆ ಎಂಬುದು ಅವಳ ಲೆಕ್ಕ.

ಶೂಟಿಂಗ್ ನಡೆದದ್ದು ಬಾಗಿಲು ಹಾಕಿದ್ದ ಒಂದು ಮಂಜುಗಡ್ಡೆ ಕಾರ್ಖಾನೆಯಲ್ಲಿ. ಆಸ್ಪತ್ರೆಯ ಬಾಡಿಗೆ ಜಾಸ್ತಿಯಾಯಿತಂತೆ. ಮೂಲೆಯಲ್ಲಿ ಎರಡು ಕಬ್ಬಿಣದ ಮಂಚ ಹಾಕಿ, ಗೋಡೆಗೆ ‘ನಿಶ್ಶಬ್ದ’ ಎಂದು ಬರೆದ ಬೋರ್ಡು ತೂಗಿಹಾಕಿ, ಇದೇ ಆಸ್ಪತ್ರೆ ಎಂದರು. ರಾತ್ರಿಯ ದೃಶ್ಯಗಳನ್ನೆಲ್ಲ ಹಗಲಲ್ಲೇ ತೆಗೆದರು. ರಾತ್ರಿ ಕೆಲಸವಾದರೆ ಊಟದ ಖರ್ಚು ಬೇರೆ. ಕಿಟಕಿಗಳಿಗೆ ಕಂಬಳಿ ಮುಚ್ಚಿದ್ದರು. ಕತ್ತು ಸೀಳಿಸಿಕೊಂಡು ಬಿದ್ದಿದ್ದ ಹುಡುಗಿಯೊಬ್ಬಳ ಮುಖದ ಮೇಲೆ ಒಂದು ಕಂಬಳಿ ಜಾರಿ ಬಿಸಿಲು ಬಿತ್ತು. ಹೆಣ ಕಣ್ಣು ಚಿಕ್ಕದು ಮಾಡಿ ಕೈ ಅಡ್ಡ ಹಿಡಿಯಿತು. “ಇರ್ಲಿ ಬಿಡಿ, ಎಡಿಟಿಂಗಲ್ಲಿ ನೋಡ್ಕೊಳ್ಳೋಣ,” ಎಂದ ನಿರ್ದೇಶಕ. ಅವನು ಎಲ್ಲದಕ್ಕೂ ಅದನ್ನೇ ಹೇಳುತ್ತಿದ್ದ. ರಕ್ತ ಗುಲಾಬಿ ಬಣ್ಣಕ್ಕೆ ತಿರುಗಿ ಶರಬತ್ತಿನಂತೆ ಕಂಡರೂ ಎಡಿಟಿಂಗು. ಚಾಕು ಎದೆಗೆ ತಾಗಿದ ಕೂಡಲೇ ಬಾಳೆಲೆಯಂತೆ ಬಾಗಿದರೂ ಎಡಿಟಿಂಗು. ನಾಯಕಿಗೆ ಗಂಟಲು ಕಟ್ಟಿ ಅವಳು ಕಿರುಚಲಾರದೆ ಬರೀ ಬಾಯಿ ತೆರೆದು ನಿಂತಾಗಲೂ, “ಕಿರುಚಾಟ ಆಮೇಲೆ ಸಿಗುತ್ತೆ” ಎಂದ. ಎಲ್ಲಿ ಸಿಗುತ್ತದೆ, ಯಾರು ಕೊಡುತ್ತಾರೆ ಎಂದು ಯಾರೂ ಕೇಳಲಿಲ್ಲ.

ಇದನ್ನೆಲ್ಲ ಏಣಿಯಕ್ಕ ಒಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ನೋಡಿದಳು. ಕೊಲೆಗಾರ ದಿನಕ್ಕೊಬ್ಬನಾದ್ದರಿಂದ ಕೋಟನ್ನು ಪ್ರತಿ ಸಲವೂ ಪಿನ್ನು ಚುಚ್ಚಿ ಸರಿಮಾಡಲು ಅವಳು ಅಲ್ಲೇ ಇರಬೇಕಿತ್ತು. ಮೊದಲ ಕೊಲೆ ಮಾಡಿದವನು ವ್ಯಾನಿನ ಡ್ರೈವರ್. ಕುಳ್ಳ, ಗಟ್ಟಿಮುಟ್ಟು, ಕ್ಲಚ್ಚು ಒತ್ತಿ ಒತ್ತಿ ಒಂದು ಕಾಲು ಹೊರಕ್ಕೆ ಎಸೆದು ನಡೆಯುತ್ತಿದ್ದ. ಎರಡನೆಯದು ಅಡುಗೆಯವನದು. ಅವನ ಹೊಟ್ಟೆಯ ಮೇಲೆ ಗುಂಡಿ ಕೂಡದೆ ಕೋಟನ್ನು ಬೆನ್ನಲ್ಲಿ ಸೀಳಬೇಕಾಯಿತು. ಹಾಗಾಗಿ ಅವನು ಕ್ಯಾಮೆರಾಕ್ಕೆ ಬೆನ್ನು ತೋರಿಸದೆ ಕೊಂದ. ಆಮೇಲೆ ನಿರ್ಮಾಪಕನ ಭಾವಮೈದುನ ಒಂದು ದಿನ ಶೂಟಿಂಗ್ ನೋಡಲು ಬಂದವನು ತಾನೂ ಒಂದು ಕೊಲೆ ಮಾಡುತ್ತೇನೆ ಎಂದು ಹಟ ಹಿಡಿದ. ಎಡಚ. ಅಲ್ಲಿಯವರೆಗೆ ಬಲಗೈಯಲ್ಲಿ ಕೊಲ್ಲುತ್ತಿದ್ದ ಕೊಲೆಗಾರ ಅಂದು ಎಡಗೈಯಲ್ಲಿ ಕೊಂದ.

“ಇಂಥ ಕೊಲೆಗಾರನ್ನ ಪೊಲೀಸರು ಹಿಡಿಯೋದು ಕಷ್ಟ,” ಎಂದು ಏಣಿಯಕ್ಕ ಡ್ರೈವರಿಗೆ ಹೇಳಿದಳು. “ಯಾರನ್ನ ಅಂತ ಹಿಡೀತಾರೆ, ಮೆರವಣಿಗೇನ?”

ಡ್ರೈವರ್ ನಗಲಿಲ್ಲ. ಅವನಿಗೆ ತನ್ನ ಕೊಲೆಯ ಬಗ್ಗೆ ಹೆಮ್ಮೆಯಿತ್ತು. “ನಂದು ಹೇಗಿತ್ತಕ್ಕ?” ಎಂದ.

“ಟೈರು ಪಂಚರ್ ಆಗಿದೆಯೋ ಅಂತ ನೋಡೋಕೆ ಹೊರಟ ಹಾಗಿತ್ತು.”

ಒಂದು ಮಧ್ಯಾಹ್ನ ಬಿಡುವಾಗಿ ಯಾರೂ ಸಿಗಲಿಲ್ಲ. ಅಡುಗೆಯವನು ಒಲೆಯ ಮುಂದೆ, ಡ್ರೈವರ್ ಪೆಟ್ರೋಲಿಗೆ, ಭಾವಮೈದುನ ಮನೆಯಲ್ಲಿ. ನಿರ್ದೇಶಕ ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡುತ್ತಿದ್ದ. ಏಣಿಯಕ್ಕ ಸ್ಟೂಲಿನಿಂದ ಎದ್ದಳು. ಬಹಳ ದಿನದಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಆದಷ್ಟು ಹಗುರಾಗಿ ಹೇಳಿದಳು: “ನಾನು ಹಾಕ್ಕೊಳ್ತೀನಿ ಕೊಡಪ್ಪ. ನಿಮ್ಮ ಮಾವನ ಸಿನಿಮಾದಲ್ಲಿ ನಡೆದಿದ್ದು ನಾನೇ.”

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವನು ನಕ್ಕಿದ್ದರೆ ಅವಳಿಗೆ ಅಷ್ಟು ಉರಿಯುತ್ತಿರಲಿಲ್ಲ. ಅವನು ಮಗುವಿಗೆ ಹೇಳುವ ದನಿಯಲ್ಲಿ, “ಆಂಟಿ, ಮಂಡಿ ನೋವು ಅಂತಿದ್ರಲ್ಲ, ಕೂತ್ಕೊಳ್ಳಿ,” ಎಂದ.

“ಒಂದೇ ಒಂದು ಸಲ. ಆ ಬಾಗಿಲಿಂದ ಈ ಕಡೆಗೆ.”

“ಮಾವ ಇದ್ದಿದ್ರೆ ಕೇಳಬಹುದಿತ್ತು. ಬಿಡಿ, ಮುಖವಾಡ ಹಾಕಿದ ಮೇಲೆ ಯಾರಾದ್ರೇನು? ನಾನೇ ಮಾಡ್ತೀನಿ.” ಕೋಟನ್ನು ತಾನೇ ಏರಿಸಿಕೊಂಡು, “ಸ್ವಲ್ಪ ಭುಜ ಟೈಟ್ ಮಾಡಿ,” ಎಂದು ಅವಳಿಗೇ ಬೆನ್ನು ಕೊಟ್ಟು ನಿಂತ.

ಗಂಡ ಹೇಳಿದ ಮಾತೇ, ಅಕ್ಷರ ಬದಲಾಗದೆ. ಏಣಿಯಕ್ಕ ನಾಲ್ಕು ಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು ಅವನ ಭುಜಕ್ಕೆ ಕೈಹಾಕಿದಳು. ಒಂದು ಪಿನ್ನು ಕೋಟನ್ನು ದಾಟಿ ಸ್ವಲ್ಪ ಒಳಕ್ಕೆ ಹೋಯಿತು. ಆ ಚಿತ್ರದಲ್ಲಿ ನಿಜವಾಗಿ ಬಂದ ಕಿರುಚಾಟ ಅದೊಂದೇ. ಆದರೆ ಆಗ ಕ್ಯಾಮೆರಾ ಓಡುತ್ತಿರಲಿಲ್ಲ.

ಚಿತ್ರ ಬಿಡುಗಡೆಯಾದಾಗ ಅವಳಿಗೆ ಮೂರು ಪಾಸು ಕೊಟ್ಟರು. ಹರಿದು ಬಿಸಾಡಬೇಕೆಂದಿದ್ದಳು. ಆದರೆ ಅದು ಬಂದದ್ದು ಗಂಡ ಕೆಲಸ ಮಾಡುತ್ತಿದ್ದ ಹಳೆಯ ಥಿಯೇಟರಿಗೇ, ಬೆಳಗಿನ ಆಟಕ್ಕೆ. ವಿಷಯ ತಿಳಿದೊಡನೆ ಅವನು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಕೂತುಬಿಟ್ಟ. ನಾದಿನಿ ಕರೆಯುವ ಮೊದಲೇ ಚಪ್ಪಲಿ ಹಾಕಿಕೊಂಡು ಬಂದಿದ್ದಳು. “ಅತ್ತಿಗೆ, ಇದರಲ್ಲೂ ನೀವೇನಾ?” ಎಂದಳು.

“ಅಲ್ಲ. ಇದರಲ್ಲಿ ನಾನಿಲ್ಲ ಅಂತ ಬೇಕಾದ್ರೆ ಆಣೆ ಮಾಡ್ತೀನಿ.”

ಥಿಯೇಟರಿನಲ್ಲಿ ಕುರ್ಚಿಗಳೇ ಹೆಚ್ಚು, ಜನ ಕಡಿಮೆ. ಮೊದಲ ಕೊಲೆಗೆ ಹಿಂದಿನ ಸಾಲಿನ ಕಾಲೇಜು ಹುಡುಗರು ನಕ್ಕರು. ಎರಡನೆಯದಕ್ಕೆ, ಕೊಲೆಗಾರ ಇದ್ದಕ್ಕಿದ್ದಂತೆ ದಪ್ಪಗಾದಾಗ, “ಮಧ್ಯೆ ಊಟಕ್ಕೆ ಬಿಟ್ಟಿದ್ರೋ ಏನೋ” ಎಂದರು. ಹೆಣ ಬಿಸಿಲಿಗೆ ಕೈ ಅಡ್ಡ ಹಿಡಿದದ್ದು ಹಾಗೇ ಇತ್ತು. ಎಡಿಟಿಂಗಿನಲ್ಲಿ ಯಾರೂ ಏನೂ ನೋಡಿಕೊಂಡಿರಲಿಲ್ಲ. ನಾಯಕಿ ಬಾಯಿ ಮುಚ್ಚಿದ ಮೇಲೂ ಕಿರುಚಾಟ ಮುಂದುವರಿಯಿತು. ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ನಗದೆ ಕೂತಿದ್ದವನು ಗಂಡ ಒಬ್ಬನೇ. ಅವನು ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಅವನ ದೇವರ ಗುಡಿಯಲ್ಲಿ ಯಾರೋ ಕೋತಿ ಕುಣಿಸುತ್ತಿದ್ದರು.

“ಥೂ. ಇದೇನು ನಡಿಗೆಯಾ?” ಎಂದ ಅರ್ಧದಲ್ಲಿ. ಆಮೇಲೆ ಅವನ ಬಾಯಿ ನಿಲ್ಲಲಿಲ್ಲ. “ಅವನು ಹೀಗೆ ಕಾಲು ಎಸೀತಿರಲಿಲ್ಲ ಕಣೇ. ಮೊದಲು ಎಡಭುಜ ಮುಂದಕ್ಕೆ ಬರೋದು, ಕಾಲು ಆಮೇಲೆ, ಬೇಕೋ ಬೇಡವೋ ಅಂತ. ಕೈ ಬೀಸ್ತಾನೇ ಇರಲಿಲ್ಲ. ಇವನು ನೋಡು, ಪೆರೇಡ್ ಮಾಡ್ತಿದಾನೆ.” ಪರದೆಯ ಮೇಲೆ ನಿರ್ದೇಶಕ ಎದೆ ಉಬ್ಬಿಸಿಕೊಂಡು ಬಾಗಿಲು ದಾಟಿ ಬಂದ. “ಬಾಗಿಲು ದಾಟೋದು ನೋಡು. ಮಾವನ ಮನೆಗೆ ಬಂದ ಅಳಿಯನ ಹಾಗೆ. ಅವನು ಪ್ರತಿ ಬಾಗಿಲಲ್ಲೂ ತಲೆ ಬಗ್ಗಿಸೋನು. ಬಾಗಿಲು ಎಷ್ಟೇ ಎತ್ತರ ಇರಲಿ, ಅವನು ಬಗ್ಗಿಸೋನು. ಬಗ್ಗಿಸಿ, ಈ ಕಡೆ ಬಂದು, ಮೆಲ್ಲಗೆ ಎತ್ತೋನು. ಅಲ್ಲಿ ಜನ ಉಚ್ಚೆ ಹೊಯ್ಕೊಳ್ತಿದ್ರು. ಅದೂ ಗೊತ್ತಿಲ್ಲ ಈ ಮುಂಡೇವಕ್ಕೆ.”

ಏಣಿಯಕ್ಕನಿಗೂ ಅದು ಗೊತ್ತಿರಲಿಲ್ಲ. ನಡೆದವಳಿಗೆ ತಾನು ಹೇಗೆ ನಡೆದೆ ಎಂಬುದು ಹೇಗೆ ಗೊತ್ತಾಗಬೇಕು? ಅವಳು ಆ ಹಳೆಯ ಚಿತ್ರವನ್ನು ನೋಡಿದ್ದು ಒಂದೇ ಸಲ, ಅದೂ ತನ್ನ ಹೊಲಿಗೆ ಎಲ್ಲಾದರೂ ಬಿಟ್ಟಿದೆಯೋ ಎಂದು ಹುಡುಕುತ್ತ.

ಆಟ ಮುಗಿದು ದೀಪ ಹತ್ತಿತು. ನಾದಿನಿಗೆ ಒಂದು ಚಪ್ಪಲಿ ಸಿಗಲಿಲ್ಲ. ಅವಳು ಕುರ್ಚಿಯ ಕೆಳಗೆ ತಡಕಾಡುತ್ತಿದ್ದಳು, ಅಣ್ಣ ಅವಳಿಗಾಗಿ ಕಾಯುತ್ತಿದ್ದ. ಏಣಿಯಕ್ಕನಿಗೆ ಅಲ್ಲಿ ಇನ್ನೊಂದು ಗಳಿಗೆಯೂ ಕೂರಲಾಗಲಿಲ್ಲ. ಸಾಲು ದಾಟಿ, ನಡುವಿನ ದಾರಿಯಲ್ಲಿ ಒಬ್ಬಳೇ ಹೊರಟಳು.

ಆ ಥಿಯೇಟರಿನ ಬಾಗಿಲು ಎಷ್ಟು ಎತ್ತರ ಎಂಬುದು ಅವಳ ಗಂಡನಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ಅದರ ಮೇಲಿನ ಚಿಲಕ ಹಾಕಲು ಅವನು ಕೋಲು ಬಳಸುತ್ತಿದ್ದ. ಒಬ್ಬರ ಹೆಗಲ ಮೇಲೆ ಒಬ್ಬರು ನಿಂತು ದಾಟಿದರೂ ತಲೆ ತಾಗದ ಬಾಗಿಲು ಅದು. ಏಣಿಯಕ್ಕ ಅದರ ಹತ್ತಿರ ಬಂದಳು. ಎಡಭುಜ ಮುಂದೆ, ಕಾಲು ಹಿಂದೆ, ಕೈ ಬೀಸದೆ. ಹದಿನಾಲ್ಕರ ಪ್ರಾಯದಿಂದ ಕಂಡಕಂಡ ಬಾಗಿಲಿಗೆಲ್ಲ ಹಣೆ ಹೊಡೆಸಿಕೊಂಡು, ನಾಲ್ಕು ಜನರ ನಡುವೆ ತನ್ನ ಎತ್ತರವನ್ನು ಎಲ್ಲಿ ಬಚ್ಚಿಡಲಿ ಎಂದು ಬೆನ್ನು ಕುಗ್ಗಿಸಿ ಕಲಿತ ನಡಿಗೆ ಅದು. ಬಾಗಿಲಲ್ಲಿ ತಲೆ ಬಗ್ಗಿಸಿದಳು. ಆಚೆಗೆ ಹೋಗಿ, ಬಿಸಿಲಲ್ಲಿ, ಮೆಲ್ಲಗೆ ಎತ್ತಿದಳು.

“ಸಿಕ್ತು,” ಎಂದು ನಾದಿನಿ ಚಪ್ಪಲಿ ಹಿಡಿದು ಎದ್ದಳು. ಅಣ್ಣ ನಿಂತಲ್ಲೇ ನಿಂತಿದ್ದ. “ಏನಾಯ್ತೋ, ದೆವ್ವ ಕಂಡವನ ಹಾಗೆ ನಿಂತಿದೀಯ? ಸಿನಿಮಾದಲ್ಲಂತೂ ಇರಲಿಲ್ಲ.”

ಅವನ ಕಣ್ಣು ಆ ಬಾಗಿಲ ಮೇಲೇ ಇತ್ತು.

ಬಸ್ಸಿನಲ್ಲಿ ನಾದಿನಿ ಒಬ್ಬಳೇ ಮಾತಾಡಿದಳು. ಅವಳು ತನ್ನ ಮನೆಗೆ ಹೋದ ಮೇಲೆ ಏಣಿಯಕ್ಕ ಮುಂದಿನ ಕೋಣೆಯ ಕಿಟಕಿ ತೆರೆದು, ಅರ್ಧ ಬಿಟ್ಟಿದ್ದ ಒಂದು ಶಾಲೆ ಅಂಗಿಯನ್ನು ಯಂತ್ರಕ್ಕೆ ಕೊಟ್ಟಳು. ಗಂಡ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತ. ಅವನು ಆ ಕುರ್ಚಿಯಲ್ಲಿ ಕೂರುವುದು ಅಂಗಿಯ ಗುಂಡಿ ಹೋದಾಗ ಮಾತ್ರ. ಅವಳು ಅವನ ಅಂಗಿಯನ್ನೊಮ್ಮೆ ನೋಡಿದಳು. ಗುಂಡಿಗಳು ಸರಿಯಾಗಿಯೇ ಇದ್ದವು.

ಅವನು ಬಹಳ ಹೊತ್ತು ಕೆಮ್ಮಿದ. “ಒಂದು ಕೇಳ್ತೀನಿ,” ಎಂದ ಕೊನೆಗೆ. “ಆ ಹಳೇ ಸಿನಿಮಾದಲ್ಲಿ, ಕೊನೇ ಮೆಟ್ಟಿಲ ಹತ್ರ ಆ ಹುಡುಗಿ ಕೈಗೇ ಸಿಗೋ ಹಾಗಿದ್ಲಲ್ಲ. ಅಲ್ಲಿ ನೀನು ಯಾಕೆ ಹಾಗೆ ನಿಂತುಬಿಟ್ಟೆ?”

ಯಂತ್ರ ನಿಂತಿತು. ಏಣಿಯಕ್ಕ ಅಂಗಿಯ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತಳು. ಇಷ್ಟು ವರ್ಷ ಈ ಗಳಿಗೆಗೆಂದು ಅವಳು ಎಷ್ಟೋ ಮಾತು ಸಿದ್ಧಮಾಡಿ ಇಟ್ಟಿದ್ದಳು; ಎಲ್ಲವೂ ಚುಚ್ಚುವಂಥವೇ. ಒಂದೂ ಕೈಗೆ ಸಿಗಲಿಲ್ಲ.

“ಕೋಟಿನ ಅಂಚು ಕಾಲಿಗೆ ಸಿಕ್ಕಿತ್ತು,” ಎಂದಳು. “ಎಲ್ಲಿ ಬೀಳ್ತೀನೋ ಅಂತ ನಿಂತೆ.”

ಅವನ ಮುಖ ಸಣ್ಣದಾಯಿತು. “ಅಷ್ಟೇನಾ?”

“ಅಷ್ಟೇ.”

“ಅವನಿಗೆ ಕನಿಕರ ಬಂತು ಅಂದ್ಕೊಂಡಿದ್ದೆ ನಾನು. ಎಲ್ಲರಿಗೂ ಹಾಗೇ ಹೇಳಿದೀನಿ. ಅದೊಂದು ಸೀನ್ ನೋಡೋಕೆ ಗೇಟು ಬಿಟ್ಟು ಓಡಿ ಬರ್ತಿದ್ದೆ.”

“ಬರ್ತಿದ್ರಿ. ನಿಮಗೆ ಸಂಬಳ ಕೊಡ್ತಿದ್ದಿದ್ದು ಗೇಟು ಕಾಯೋಕೆ.”

“ಇದನ್ನ ನೀನು ಹೇಳಬಾರದಿತ್ತು.”

“ಯಾವುದನ್ನ? ನಾನೇ ಅಂತ ಮದುವೆಯಾದ ವಾರವೇ ಹೇಳಿದ್ದೆ. ಆಗ ಟೀ ಉಗುಳಿದ್ರಿ. ಗೋಡೆ ಒರೆಸಿದ್ದೂ ನಾನೇ.”

ಅವನು ತಲೆ ತಗ್ಗಿಸಿ ಅಂಗಿಯ ಗುಂಡಿಯನ್ನು ತಿರುಗಿಸುತ್ತ ಕೂತ. ಎದ್ದು ಹೋಗುತ್ತಾನೆ ಎಂದುಕೊಂಡಳು, ಹೋಗಲಿಲ್ಲ. “ಮತ್ತೆ ಆ ಕಿಟಕಿ ಸೀನಲ್ಲಿ,” ಎಂದ, ದನಿ ಇಳಿಸಿ. “ಹೊರಗಡೆ ನಿಂತು, ಒಳಗೆ ಅವರು ನಗ್ತಿರೋದನ್ನ ಅಷ್ಟು ಹೊತ್ತು ನೋಡ್ತೀಯಲ್ಲ. ಅದೂ ಅಂಚೇನಾ?”

ಏಣಿಯಕ್ಕ ಸೂಜಿಯ ಕೆಳಗೆ ಬಟ್ಟೆ ಸರಿಮಾಡಿಕೊಂಡಳು. “ಅಲ್ಲ,” ಎಂದಳು. “ಅದನ್ನ ನಾನೇ ಮಾಡಿದ್ದು. ಯಾರೂ ಹೇಳಿಕೊಟ್ಟಿರಲಿಲ್ಲ.”

“ಅದು ಚೆನ್ನಾಗಿತ್ತು.”

“ಗೊತ್ತು,” ಎಂದು ಅವಳು ಯಂತ್ರ ತುಳಿಯತೊಡಗಿದಳು.